ಎಸೆದದ್ದು ಎಲ್ಲಿಗೆ ಹೋಗುತ್ತದೆ?

ಕೆಲವು ವರ್ಷಗಳ ಹಿಂದಿನ ಬಕ್ರೀದ್. ಹಾರೋಹಳ್ಳಿಯ ಬಳಿಯಿರುವ ಸಂಬಂಧಿಕರ ಮನೆಗೆ ನಾವು ಹೋಗಿದ್ದೆವು. ಕುರ್ಬಾನಿ ಮುಗಿದು ಮಾಂಸವನ್ನು ಪಾಲು ಮಾಡುವ ಹೊತ್ತು. ಬಡವರ ಪಾಲು, ಬಂಧುಗಳ ಪಾಲು, ಮನೆಯವರ ಪಾಲು ಎಂದು ಬೇರೆ ಬೇರೆಯಾಗಿ ಇಡುತ್ತಿದ್ದರು. ಮನೆಯ ಹುಡುಗ ಅಂಗಡಿಗೆ ಓಡಿ ಕಪ್ಪು ಪ್ಲಾಸ್ಟಿಕ್ ಕವರುಗಳ ಕಟ್ಟೊಂದನ್ನು ತಂದ. ಒಂದು ಕವರು ಹರಿದೀತೆಂದು ಒಂದರೊಳಗೊಂದು ಎರಡು ಕವರು ಹಾಕಿ ಹಂಚಲಾಯಿತು. ಸಂಜೆಯಾಗುವಷ್ಟರಲ್ಲಿ ಆ ಕಟ್ಟು ಮುಗಿದು ಇನ್ನೊಂದು ಬಂತು.

ಜಗಲಿಯಲ್ಲಿ ಕುಳಿತಿದ್ದ ಮನೆಯ ಹಿರಿಯಜ್ಜಿ ಇದನ್ನೆಲ್ಲ ನೋಡುತ್ತಿದ್ದರು. "ನಮ್ಮ ಕಾಲದಲ್ಲಿ ಗೋಷ್ತ್ ತಗೊಳ್ಳೋಕೆ ಬರೋರು ಡಬ್ಬ ತರ್ತಿದ್ರು ಬೇಟಾ. ನಾವು ಕೊಡೋಕೆ ಹೋದರೆ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಹೋಗ್ತಿದ್ವಿ. ಆ ತಟ್ಟೆ ಎಂದೂ ಖಾಲಿ ವಾಪಸ್ ಬರ್ತಿರಲಿಲ್ಲ. ಈ ಕವರೆಲ್ಲ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದರು.

"ಎಸೀತಾರೆ ನಾನಿ" ಎಂದು ಹುಡುಗ ನಕ್ಕ.

"ಅದು ಗೊತ್ತು. ಎಸೆದದ್ದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆ" ಎಂದರು ನಾನಿ.

ಹುಡುಗನ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬಳಿಯೂ ಇರಲಿಲ್ಲ. ಮೂರನೆಯ ದಿನ ಊರಿಗೆ ಹೊರಟಾಗ ಉತ್ತರ ಕಣ್ಣಿಗೆ ಬಿತ್ತು. ರಸ್ತೆಯಂಚಿನ ಚರಂಡಿಯಲ್ಲಿ ಅದೇ ಕಪ್ಪು ಕವರುಗಳು ತುಂಬಿದ್ದವು. ಕೆಲವನ್ನು ನಾಯಿಗಳು ಎಳೆದಾಡುತ್ತಿದ್ದವು. ಒಂದು ಹಸು ಒಂದು ಕವರನ್ನು ಮೆಲ್ಲುತ್ತಿತ್ತು. ಅಲ್ಲಾಹನ ಸಂಪ್ರೀತಿಗಾಗಿ ನೀಡಿದ ದಾನದ ಬಾಲವೊಂದು ಚರಂಡಿಯಲ್ಲಿ ಉಳಿದುಬಿಟ್ಟಿತ್ತು!

ಒಂದು ತಲೆಮಾರಿನ ಲೆಕ್ಕ

ನಾನಿಯ ಬಾಲ್ಯಕ್ಕೂ ನಮ್ಮ ಕಾಲಕ್ಕೂ ಇರುವ ಅಂತರವನ್ನು ಅಂಕಿಗಳಲ್ಲಿ ನೋಡೋಣ. 1950ರಲ್ಲಿ ಇಡೀ ಜಗತ್ತು ಒಂದು ವರ್ಷಕ್ಕೆ ತಯಾರಿಸುತ್ತಿದ್ದ ಪ್ಲಾಸ್ಟಿಕ್ ಸುಮಾರು 20 ಲಕ್ಷ ಟನ್. 2019ರ ವೇಳೆಗೆ ಜಗತ್ತಿನ ವಾರ್ಷಿಕ ಬಳಕೆ ಸುಮಾರು 46 ಕೋಟಿ ಟನ್ ಮುಟ್ಟಿತು. ಅಂದರೆ ಒಬ್ಬ ಮನುಷ್ಯನ ಆಯುಷ್ಯದೊಳಗೆ ಇನ್ನೂರು ಪಟ್ಟಿಗೂ ಹೆಚ್ಚು ಏರಿಕೆ. 2000ದಿಂದ 2019ರ ನಡುವಿನ ಇಪ್ಪತ್ತು ವರ್ಷಗಳಲ್ಲೇ ಅದು ಸುಮಾರು ಇಮ್ಮಡಿಯಾಯಿತು.

2019ರ ಒಂದೇ ವರ್ಷದಲ್ಲಿ ಕಸವಾದ ಪ್ಲಾಸ್ಟಿಕ್ ಸುಮಾರು 35 ಕೋಟಿ ಟನ್. ಅದರಲ್ಲಿ ಮರುಬಳಕೆಯಾದದ್ದು ಶೇ. 9 ಮಾತ್ರ. ಅರ್ಧದಷ್ಟು ಗುಂಡಿ ತುಂಬಿತು. ಶೇ. 19ರಷ್ಟನ್ನು ಸುಡುವ ಘಟಕಗಳಲ್ಲಿ ಸುಡಲಾಯಿತು. ಉಳಿದ ಶೇ. 22ಕ್ಕೆ ಯಾವ ವ್ಯವಸ್ಥೆಯೂ ಇರಲಿಲ್ಲ. ಅದು ಬಯಲಲ್ಲಿ ಬಿತ್ತು, ಬೀದಿಯಲ್ಲಿ ಉರಿಯಿತು, ನದಿ ಕಡಲು ಸೇರಿತು. ಹೀಗೆಯೇ ಸಾಗಿದರೆ 2060ರಲ್ಲಿ ವರ್ಷದ ಕಸ 100 ಕೋಟಿ ಟನ್ ದಾಟಲಿದೆ ಎಂದು ಈ ಲೆಕ್ಕ ತೆಗೆದ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 2022ರಲ್ಲಿ ಅಂದಾಜಿಸಿತು.

ಈ ಕಸದ ಹೊಣೆ ಎಲ್ಲರ ಮೇಲೂ ಸಮನಾಗಿಲ್ಲ. 2019ರಲ್ಲಿ ಅಮೆರಿಕದ ಒಬ್ಬ ಪ್ರಜೆಯ ಪಾಲಿಗೆ ಬಂದ ಪ್ಲಾಸ್ಟಿಕ್ ಕಸ 221 ಕಿಲೋ. ನಮ್ಮ ಹಳ್ಳಿಯ ಕುಟುಂಬ ಅದರ ಹತ್ತಿರಕ್ಕೂ ಹೋಗದು. ಆದರೆ ಕಸದ ಸ್ವರೂಪ ಮಾತ್ರ ಎಲ್ಲೆಡೆ ಒಂದೇ. ಜಗತ್ತಿನ ಪ್ಲಾಸ್ಟಿಕ್ ಕಸದಲ್ಲಿ ಶೇ. 40ರಷ್ಟು ಕೇವಲ ಹೊದಿಕೆ ಮತ್ತು ಪ್ಯಾಕಿಂಗ್. ಅಂಗಡಿಯಿಂದ ಮನೆಗೆ ಬರುವ ಅರ್ಧ ಗಂಟೆಯ ಉಪಯೋಗಕ್ಕೆ ನೂರಾರು ವರ್ಷ ಬಾಳುವ ವಸ್ತುವನ್ನು ನಾವು ಬಳಸುತ್ತಿದ್ದೇವೆ.

ಪ್ಲಾಸ್ಟಿಕ್ಕೇ ಪಾಪವೆಂದು ಇಲ್ಲಿ ಹೇಳುತ್ತಿಲ್ಲ. ಆಸ್ಪತ್ರೆಯ ರಕ್ತದ ಚೀಲ, ಸಿರಿಂಜು, ಹಿಪ್ಪುನೇರಳೆ ತೋಟದ ಹನಿ ನೀರಾವರಿ ಪೈಪು ಇವೆಲ್ಲ ಅದರ ಉಪಕಾರಗಳೇ. ಪ್ರಶ್ನೆ ಇರುವುದು, ಒಮ್ಮೆ ಬಳಸಿ ಎಸೆಯುವ ನಮ್ಮ ಅಭ್ಯಾಸದ ಬಗ್ಗೆ.

ಮೇಲಿನವರು, ಕೆಳಗಿನವರು

ಹಾರೋಹಳ್ಳಿ ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರದ ದಾರಿಯಲ್ಲಿದೆ. ರಾಮನಗರ ಎಂದಿದ್ದ ಈ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಆದರೆ ಹೆಸರಿಗಿಂತ ಎಷ್ಟೋ ಮೊದಲೇ ಬೆಂಗಳೂರು ನೀರಿನ ರೂಪದಲ್ಲಿ ಇಲ್ಲಿಗೆ ಬಂದು ಸೇರಿದೆ. ವೃಷಭಾವತಿ ಎಂಬ ಹೊಳೆಯು ಬೆಂಗಳೂರಿನ ಬಸವನಗುಡಿಯ ಕಡೆ ಹುಟ್ಟಿ, ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿಯನ್ನು ಹಾದು, ಬಿಡದಿಯ ಹತ್ತಿರದ ಬೈರಮಂಗಲ ಕೆರೆಗೆ ಬರುತ್ತದೆ. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಕೆರೆ ಅದು. ಈಗ ಮಹಾನಗರದ ಪಶ್ಚಿಮ ಭಾಗದ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಅದರೊಂದಿಗೆ ತೇಲುವ ಪ್ಲಾಸ್ಟಿಕ್ಕೂ ಈ ಹೊಳೆಯಲ್ಲಿ ಹರಿಯುತ್ತವೆ. ನೊರೆಯೆದ್ದ ಆ ನೀರಿನ ದುರ್ವಾಸನೆ ಸುತ್ತಲಿನ ರೈತರ ನಿತ್ಯದ ಗೋಳು. ಅಲ್ಲಿಂದ ಮುಂದೆ ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರವನ್ನು ದಾಟಿ, ಮೇಕೆದಾಟಿನ ಬಳಿಯ ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ.

ನಾನಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೆಂಗಳೂರಿನವರು 'ಎಸೆದೆವು' ಎಂದು ಮರೆತದ್ದು ಬೈರಮಂಗಲದ ರೈತನ ಹೊಲಕ್ಕೆ ಬಂತು. ಹಾರೋಹಳ್ಳಿಯ ಚರಂಡಿಯಲ್ಲಿ ನಾವು ಬಿಟ್ಟದ್ದು ಮಳೆಗೆ ಹಳ್ಳ ಸೇರಿ ಇನ್ನೊಬ್ಬರ ದಂಡೆಗೆ ಹೋಗುತ್ತದೆ. ಪ್ರತಿಯೊಬ್ಬರಿಗೂ ಮೇಲೊಬ್ಬರು ಕೆಳಗೊಬ್ಬರು ಇದ್ದಾರೆ. 'ಹೊರಗೆ' ಎಂಬ ಸ್ಥಳ ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಪ್ರವಾದಿ(ಸ)ರು ನೀಡಿದ ಹಡಗಿನ ಉಪಮೆಯನ್ನು ನಾವೆಲ್ಲ ಕೇಳಿದ್ದೇವೆ. ಬುಖಾರಿಯಲ್ಲಿ ಅದು ವರದಿಯಾಗಿದೆ. ಒಂದೇ ಹಡಗಿನಲ್ಲಿ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಂತಸ್ತು. ಕೆಳಗಿನವರು ತಮ್ಮ ಅನುಕೂಲಕ್ಕಾಗಿ ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯಲು ಹೊರಟರೆ, ಉಳಿದವರು ತಡೆದರಷ್ಟೇ ಎಲ್ಲರೂ ಬದುಕುತ್ತಾರೆ. ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ. ನನ್ನ ಹಣ, ನನ್ನ ಕವರು, ನನ್ನ ಅಂಗಳ ಎನ್ನುವವರಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕೆ?

ಗುಜರಿಯವರ ತಕ್ಕಡಿ

"ಗುಜರಿಯವರು ಆಯ್ದುಕೊಳ್ಳುತ್ತಾರಲ್ಲ" ಎಂದು ಹಲವರು ಹೇಳುವುದುಂಟು. ನಮ್ಮ ಸಮುದಾಯದ ಎಷ್ಟೋ ಕುಟುಂಬಗಳು ಈ ಗುಜರಿ ವ್ಯಾಪಾರದಿಂದಲೇ ಅನ್ನ ಉಣ್ಣುತ್ತಿವೆ. ಬೆಂಗಳೂರಿನ ಜಾಲಿ ಮೊಹಲ್ಲಾ, ನಾಯಂಡಹಳ್ಳಿಗಳಲ್ಲಿ ನಡೆಯುವ ವಿಂಗಡಣೆಯ ಕೆಲಸ ನಗರಕ್ಕೆ ದೊಡ್ಡ ಉಪಕಾರ. ಆದರೆ ಅವರನ್ನು ವಿಚಾರಿಸಿದರೆ ಸತ್ಯ ತಿಳಿಯುತ್ತದೆ. ನೀರಿನ ಬಾಟಲಿ, ಒಡೆದ ಬಕೆಟ್ಟು, ತೊಳೆದ ಹಾಲಿನ ಕವರು ಇವಕ್ಕೆ ಬೆಲೆಯಿದೆ. ಚಿಪ್ಸ್, ಶ್ಯಾಂಪೂ, ಗುಟ್ಕಾಗಳ ಪುಟ್ಟ ಪೊಟ್ಟಣಗಳಲ್ಲಿ ಬೇರೆ ಬೇರೆ ಪದರಗಳು ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಿ ಕರಗಿಸುವುದು ಕಷ್ಟ. ಒಂದು ಕಿಲೋ ಆಗಬೇಕಾದರೆ ರಾಶಿ ಆಯಬೇಕು. ಬಿರಿಯಾನಿ ಮೆತ್ತಿದ ತಟ್ಟೆಯನ್ನು, ರಕ್ತ ಹತ್ತಿದ ಕವರನ್ನು ಯಾರೂ ಮುಟ್ಟುವುದಿಲ್ಲ. ಕರಗಿಸಿದ ಪ್ಲಾಸ್ಟಿಕ್ಕಿನ ಗುಣಮಟ್ಟವೂ ಪ್ರತಿ ಬಾರಿ ಇಳಿಯುತ್ತ ಹೋಗುತ್ತದೆ.

ಬೆಂಗಳೂರಿನ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರ ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ಅವರು ಸ್ವತಃ ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದವರು. ತಾವು ಮಾರಿದ ಸರಕು ನಗರಕ್ಕೆ ಹೊರೆಯಾಗುತ್ತಿರುವುದನ್ನು ಕಂಡು, ಅದನ್ನು ಪುಡಿ ಮಾಡಿ ಡಾಂಬರಿನೊಂದಿಗೆ ಬೆರೆಸಿ ರಸ್ತೆ ಹಾಕುವ ವಿಧಾನವನ್ನು ಹುಡುಕಿದರು. ಬೆಂಗಳೂರು ವಿಶ್ವವಿದ್ಯಾನಿಲಯ ಮತ್ತು ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಅದರ ಪರೀಕ್ಷೆ ನಡೆಯಿತು. 2002ರಿಂದೀಚೆಗೆ ಬೆಂಗಳೂರಿನ ಅನೇಕ ರಸ್ತೆಗಳಿಗೆ ಇಂಥ ಡಾಂಬರು ಬಿತ್ತು. ತನ್ನ ವ್ಯಾಪಾರದಿಂದ ಆದ ಹಾನಿಗೆ ತಾನೇ ಹೊಣೆ ಹೊರುವ ಈ ಮನೋಭಾವವು ಪ್ರತಿಯೊಬ್ಬ ವ್ಯಾಪಾರಿಗೂ ಮಾದರಿ. ಹಾಗಿದ್ದರೂ ಒಂದು ಮಾತನ್ನು ಮರೆಯಬಾರದು. ನಲ್ಲಿಯನ್ನು ತೆರೆದಿಟ್ಟು ನೆಲ ಒರೆಸಿದರೆ ನೆಲ ಒಣಗುವುದಿಲ್ಲ. ತಯಾರಿಕೆ ಏರುತ್ತಿರುವಾಗ ಮರುಬಳಕೆಯೊಂದೇ ಅದನ್ನು ಹಿಡಿಯಲಾರದು.

ಉಳಿದದ್ದನ್ನು ಏನು ಮಾಡುತ್ತೇವೆ? ಹಿತ್ತಲಲ್ಲಿ ಸುಡುತ್ತೇವೆ. ಪಿವಿಸಿಯಂಥ ಪ್ಲಾಸ್ಟಿಕ್ಕನ್ನು ಹೀಗೆ ಸುಟ್ಟಾಗ ಡಯಾಕ್ಸಿನ್ ಎಂಬ ಘೋರ ವಿಷ ಹೊರಬರುತ್ತದೆ. ಆ ಹೊಗೆ ಮೊದಲು ಸೇರುವುದು ನಮ್ಮ ಮಕ್ಕಳ ಮತ್ತು ನೆರೆಮನೆಯವರ ಶ್ವಾಸಕೋಶವನ್ನು. ಸುಡದೆ ಬಿಟ್ಟರೆ ಅದು ಪುಡಿಪುಡಿಯಾಗಿ ಮಣ್ಣು ನೀರುಗಳಲ್ಲಿ ಬೆರೆಯುತ್ತದೆ. ಮನುಷ್ಯರ ರಕ್ತದಲ್ಲೇ ಪ್ಲಾಸ್ಟಿಕ್ಕಿನ ಕಣಗಳಿರುವುದನ್ನು 2022ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಪ್ರಕಟಿಸಿದರು. ಎಸೆದದ್ದು ನಮ್ಮೊಳಗೇ ಮರಳಿ ಬಂದಿದೆ!

ಕಾನೂನು ಸಾಕೇ?

ಕರ್ನಾಟಕ ಸರಕಾರವು 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಇತ್ಯಾದಿಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶವಿಡೀ ನಿಷೇಧ ಬಂತು. ಆ ವರ್ಷದ ಕೊನೆಯಿಂದ 120 ಮೈಕ್ರಾನ್‌ಗಿಂತ ತೆಳ್ಳಗಿನ ಕೈಚೀಲಗಳೂ ನಿಷಿದ್ಧ. ಆದರೂ ಕಪ್ಪು ಕವರು ಸಂತೆಯಲ್ಲಿ ಇಂದೂ ಸಿಗುತ್ತಿದೆ. ಏಕೆಂದರೆ ಕೊಳ್ಳುವ ನಾವು ಅದನ್ನು ಕೇಳುತ್ತಿದ್ದೇವೆ.

ನೆರೆಯ ಬಾಂಗ್ಲಾದೇಶವು 2002ರಲ್ಲಿ ತೆಳು ಪಾಲಿಥೀನ್ ಚೀಲಗಳನ್ನು ನಿಷೇಧಿಸಿದ ಜಗತ್ತಿನ ಮೊದಲ ರಾಷ್ಟ್ರವಾಯಿತು. ಭೀಕರ ನೆರೆಗಳಲ್ಲಿ ಚರಂಡಿಗಳು ಕಟ್ಟಿಕೊಳ್ಳಲು ಆ ಚೀಲಗಳೂ ಕಾರಣವೆಂದು ಅದು ಕಂಡುಕೊಂಡಿತ್ತು. ಆದರೆ ಜಾರಿ ಸಡಿಲಾದೊಡನೆ ಚೀಲಗಳು ಮರಳಿದವು. ನಮ್ಮ ಎಷ್ಟೋ ಮನೆಯ ಮಕ್ಕಳು ದುಡಿಯುತ್ತಿರುವ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ 2024ರ ಜನವರಿಯಿಂದ ಒಮ್ಮೆ ಬಳಸುವ ಚೀಲಗಳಿಗೆ ನಿಷೇಧವಿದೆ. ಅಲ್ಲಿ ಚೀಲ ಹಿಡಿದು ಅಂಗಡಿಗೆ ಹೋಗುವ ಮಗ, ರಜೆಯಲ್ಲಿ ಊರಿಗೆ ಬಂದೊಡನೆ ಕೈಬೀಸಿ ಹೋಗುವುದೇಕೆ? ಜಗತ್ತಿಗೆಲ್ಲ ಒಂದು ಒಪ್ಪಂದ ಬೇಕೆಂದು 2022ರಲ್ಲಿ ನೈರೋಬಿಯಲ್ಲಿ ರಾಷ್ಟ್ರಗಳು ನಿರ್ಣಯಿಸಿದವು. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಮಾತುಕತೆಯೂ ಒಮ್ಮತವಿಲ್ಲದೆ ಮುಗಿಯಿತು. ತಯಾರಿಕೆಗೇ ಮಿತಿ ಹಾಕಬೇಕೇ ಎಂಬುದೇ ಮುಖ್ಯ ತಕರಾರು.

ಇನ್‌ಸ್ಪೆಕ್ಟರನ ಭಯ ಅಂಗಡಿಯ ಬಾಗಿಲವರೆಗೆ ಮಾತ್ರ. ಅಲ್ಲಾಹನ ಭಯ ಅಡುಗೆಮನೆಯೊಳಗೂ ಇರುತ್ತದೆ. ನೆಲದಲ್ಲೂ ಕಡಲಲ್ಲೂ ಕಾಣುವ ಕೆಡುಕು ಮನುಷ್ಯರ ಕೈಗಳ ಗಳಿಕೆಯೆಂದು ಸೂರಃ ಅರ್‍ರೂಮ್ ನಮ್ಮನ್ನು ಎಚ್ಚರಿಸುತ್ತದೆ. ಜನರು ಮರಳಿ ಬರಲೆಂದೇ ಅವರಿಗೆ ಅದರ ರುಚಿ ತೋರಿಸಲಾಗುತ್ತದೆ ಎಂಬ ಆಶಯವೂ ಅಲ್ಲಿದೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿ(ಸ)ರು ಕಲಿಸಿದರು. ಸರಿಸುವುದೇ ಈಮಾನಿನ ಅಂಗವಾದರೆ, ದಾರಿಗೆ ತಂದು ಹಾಕುವುದು ಯಾವುದರ ಅಂಗ?

ನಮ್ಮ ಮನೆಯಿಂದ

ಸಹೋದರ ಸಹೋದರಿಯರೇ, ಬದಲಾವಣೆಯನ್ನು ಎಲ್ಲಿಂದ ಆರಂಭಿಸೋಣ? ನಮ್ಮ ಕೈಯಲ್ಲಿರುವುದರಿಂದಲೇ.

1. ಬಕ್ರೀದ್‌ಗೆ ವಾರ ಮೊದಲೇ ಜಮಾಅತಿನಲ್ಲಿ ಹೇಳಿಸೋಣ. ಮಾಂಸಕ್ಕೆ ಬರುವವರು ಡಬ್ಬ ತರಲಿ. ತರಲಾಗದ ಬಡವರಿಗೆಂದು ಎಲೆ, ಕಾಗದಗಳನ್ನು ಸಿದ್ಧವಾಗಿಡೋಣ. ಪಾತ್ರೆಯಿಲ್ಲವೆಂದು ಯಾರನ್ನೂ ಹಿಂದೆ ಕಳುಹಿಸಬಾರದು.

2. ನಿಕಾಹ್ ಮತ್ತು ವಲೀಮಾಗಳಲ್ಲಿ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಲೋಟ, ತಟ್ಟೆಗಳನ್ನು ಬಿಡೋಣ. ಬಟ್ಟೆಯ ದಸ್ತರ್‌ಖಾನ್, ಸ್ಟೀಲ್ ಲೋಟ, ಬಾಳೆಯೆಲೆ, ಮುತ್ತುಗದೆಲೆ ನಮಗೆ ಹೊಸತಲ್ಲ. ಮೊಹಲ್ಲಾದ ನಾಲ್ಕು ಮನೆಯವರು ಸೇರಿ ಇನ್ನೂರು ತಟ್ಟೆ ಲೋಟಗಳನ್ನು ಕೊಂಡು ಮಸೀದಿಯಲ್ಲಿಟ್ಟರೆ, ಅದು ಎಲ್ಲರ ಶುಭಕಾರ್ಯಕ್ಕೂ ಒದಗುವ ಸದಕಾ ಆಗುತ್ತದೆ.

3. ರಮದಾನಿನ ಇಫ್ತಾರಿನಲ್ಲಿ ಶರಬತ್ತಿಗೆ ತೊಳೆಯುವ ಲೋಟಗಳಿರಲಿ. ತೊಳೆಯಲು ಯುವಕರಿಗೆ ಸರದಿ ಹಾಕೋಣ. ಮನೆಯ ಹೆಂಗಸರ ಮೇಲೆಯೇ ಎಲ್ಲ ಹೊರೆಯನ್ನು ಹೊರಿಸಬಾರದು.

4. ಬಟ್ಟೆಯ ಚೀಲ ಬಾಗಿಲ ಬಳಿ ನೇತಾಡುತ್ತಿರಲಿ. ಹಾಲಿನ ಕವರು, ಬಾಟಲಿಗಳನ್ನು ತೊಳೆದು ಒಣಗಿಸಿ ಗುಜರಿಯವರಿಗೆ ಕೊಡೋಣ. ಅವರ ಕೈ ಹೊಲಸಾಗದಂತೆ ನೋಡಿಕೊಳ್ಳುವುದೂ ಒಂದು ಸಜ್ಜನಿಕೆ.

5. ಏನೇ ಆದರೂ ಪ್ಲಾಸ್ಟಿಕ್ಕನ್ನು ಸುಡಬಾರದು.

ಇಷ್ಟರಿಂದ 46 ಕೋಟಿ ಟನ್ ಕರಗಿಹೋಗುವುದೇ ಎಂದು ಯಾರಾದರೂ ಕೇಳಬಹುದು. ಕರಗದು. ತಯಾರಕರೂ ಸರಕಾರಗಳೂ ತಮ್ಮ ಪಾಲಿನ ಹೊಣೆಗೆ ಉತ್ತರ ಹೇಳಲೇಬೇಕು. ಆದರೆ ನಾಳೆ ಪರಲೋಕದಲ್ಲಿ ನಮ್ಮನ್ನು ಕೇಳಲಾಗುವುದು ಜಗತ್ತಿನ ಲೆಕ್ಕವನ್ನಲ್ಲ. ನಮ್ಮ ಕೈಯ ಲೆಕ್ಕವನ್ನು.

ಮರು ವರ್ಷದ ಬಕ್ರೀದ್‌ಗೆ ಆ ಮನೆಗೆ ಮತ್ತೆ ಹೋಗಿದ್ದೆವು. ನಾನಿ ಇರಲಿಲ್ಲ. ಹಬ್ಬಕ್ಕೆ ಎರಡು ತಿಂಗಳ ಮೊದಲೇ ಅವರು ಇಹಲೋಕವನ್ನು ತ್ಯಜಿಸಿದ್ದರು. ಅಲ್ಲಾಹನು ಅವರ ಮೇಲೆ ಕೃಪೆ ತೋರಲಿ. ಅಂಗಳದಲ್ಲಿ ಮಾಂಸದ ಪಾಲುಗಳು ಸಿದ್ಧವಾಗಿದ್ದವು. ಕಳೆದ ವರ್ಷ ನಕ್ಕಿದ್ದ ಅದೇ ಹುಡುಗ ಅಟ್ಟದಿಂದ ನಾನಿಯ ಹಳೆಯ ತಟ್ಟೆಗಳನ್ನು ಇಳಿಸಿ ತೊಳೆಯುತ್ತಿದ್ದ. ನೆರೆಮನೆಗಳಿಗೆ ಒಂದೊಂದಾಗಿ ಒಯ್ದು ಕೊಟ್ಟು ಬಂದ. ಮರಳಿ ಬಂದ ಒಂದು ತಟ್ಟೆಯಲ್ಲಿ ನಾಲ್ಕು ಖರ್ಜೂರಗಳಿದ್ದವು.