ವಿದ್ಯುತ್ ತಂತಿಯಲ್ಲಿ ಅಂತರ್ಜಾಲ

ದೀಪಕ್ಕೆಂದು ಎಳೆದ ತಂತಿ ವಿದ್ಯೆಗೂ ಒದಗುವುದಾದರೆ ಅದಕ್ಕಿಂತ ಹೆಚ್ಚಿನ ಲಾಭ ಮತ್ತಾವುದು? ಮನೆಯ ವಿದ್ಯುತ್ ತಂತಿಯ ಮೂಲಕವೇ ಅಂತರ್ಜಾಲವನ್ನು ಒಳಕೋಣೆಗೆ ತಲುಪಿಸುವ ಉಪಾಯವು ಈ ಭಾಗದ ಗೃಹಸ್ಥರು ಅರಿತಿರಬೇಕಾದುದಾಗಿದೆ.

ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್ ಲೋಕವಿದಿತವಾದವು. ಬಾದಾಮಿ, ಹುನಗುಂದ, ಇಳಕಲ್ಲುಗಳ ಹಳೆಯ ಓಣಿಗಳಲ್ಲಿಯೂ ಹಳೆಯ ಬಾಗಲಕೋಟೆಯಲ್ಲಿಯೂ ಕಲ್ಲುಮಣ್ಣಿನ ದಪ್ಪ ಗೋಡೆಯ ಮಾಳಿಗೆ ಮನೆಗಳು ಇಂದಿಗೂ ಉಂಟು. ಬೇಸಗೆಯ ಬಿಸಿಲನ್ನು ತಡೆಯುವ ಆ ಗೋಡೆಗಳೇ ವೈ-ಫೈ ಅಲೆಗಳನ್ನೂ ತಡೆಯುತ್ತವೆ. ಪಡಸಾಲೆಯ ರೌಟರಿನ ಬಲ ಒಳಕೋಣೆಗೆ ಮುಟ್ಟದು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ ಈ ಕೊರತೆ ಎದ್ದುಕಂಡಿತು.

ಇದರ ತತ್ತ್ವ ಸರಳವಾದುದು. ನಮ್ಮ ಮನೆಗಳಿಗೆ ಬರುವ 230 ವೋಲ್ಟ್ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳುಳ್ಳದ್ದು. ಅದೇ ತಂತಿಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷದಿಂದ 2 ಕೋಟಿ 80 ಲಕ್ಷ ಆವರ್ತಗಳವರೆಗಿನ ಕ್ಷೀಣ ಸಂಕೇತಗಳನ್ನು ಬೆರೆಸಿ ಕಳುಹಿಸಿದರೆ ಒಂದು ಮತ್ತೊಂದನ್ನು ಕೆಡಿಸದು. ತಂಬೂರಿಯ ಶ್ರುತಿಯೂ ಗಾಯಕನ ಕಂಠವೂ ಒಂದೇ ಗಾಳಿಯಲ್ಲಿ ಬಂದರೂ ಕಿವಿಯು ಬೇರ್ಪಡಿಸಿ ಕೇಳುವಂತೆ, ಅಡಾಪ್ಟರ್ ಎಂಬ ಪುಟ್ಟ ಉಪಕರಣವು ಅವೆರಡನ್ನೂ ಬೇರ್ಪಡಿಸುತ್ತದೆ. ವಿದ್ಯುತ್ ಇಲಾಖೆಗಳು ಉಪಕೇಂದ್ರಗಳ ನಡುವಿನ ಮಾತುಕತೆಗೆ ಹೈಟೆನ್ಶನ್ ತಂತಿಯನ್ನೇ ಬಹುಕಾಲದಿಂದ ಬಳಸಿವೆ. ಮನೆಬಳಕೆಗೆ ಹೋಮ್‌ಪ್ಲಗ್ ಎಂಬ ಮಾನದಂಡ 2001ರಲ್ಲಿಯೂ, ಐ.ಇ.ಇ.ಇ. 1901 ಎಂಬುದು 2010ರಲ್ಲಿಯೂ ಬಂದವು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಅಂತರ್ಜಾಲವು ವಿದ್ಯುತ್ ಕಂಬದಿಂದ ಬರುವುದಲ್ಲ. ಫೈಬರ್ ಮೊದಲಾದ ಮಾರ್ಗದಿಂದ ಮನೆಗೆ ಬಂದುದನ್ನು ಒಳಗೆ ಹಂಚುವುದಷ್ಟೇ ಈ ಉಪಕರಣದ ಕೆಲಸ.

ಅಳವಡಿಸುವ ಕ್ರಮ ಹೀಗಿದೆ. ಜೋಡಿ ಅಡಾಪ್ಟರುಗಳಲ್ಲಿ ಒಂದನ್ನು ರೌಟರಿನ ಬಳಿಯ ಗೋಡೆಯ ಸಾಕೆಟ್ಟಿಗೆ ಚುಚ್ಚಿ, ಕೇಬಲ್ಲಿನಿಂದ ರೌಟರಿಗೆ ಜೋಡಿಸಬೇಕು. ಎರಡನೆಯದನ್ನು ಓದುವ ಕೋಣೆಯ ಸಾಕೆಟ್ಟಿನಲ್ಲಿಟ್ಟು ಕಂಪ್ಯೂಟರಿಗೆ ಜೋಡಿಸಬೇಕು. ತರುವಾಯ ಸೂಚನಾಪತ್ರದಲ್ಲಿ ಹೇಳಿದ ಅವಧಿಯೊಳಗೆ ಎರಡರ ಗುಂಡಿಗಳನ್ನೂ ಒತ್ತಿದರೆ ಅವು ಪರಸ್ಪರ ಗುರುತಿಸಿಕೊಂಡು, ಸಂದೇಶಗಳನ್ನು ಗುಪ್ತಲಿಪಿಯಲ್ಲಿ ಸಾಗಿಸುತ್ತವೆ. ಈ ಗುಂಡಿಯನ್ನು ಮರೆಯಲಾಗದು. ಸಂಕೇತವು ನೆರೆಮನೆಯ ತಂತಿಗೂ ಹರಿಯಬಹುದು.

ಫಲ ದೊರೆಯದಿದ್ದರೆ ಕಾರಣಗಳನ್ನು ಕ್ರಮವಾಗಿ ನೋಡಬೇಕು. ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಚುಚ್ಚಿದರೆ ಅದರೊಳಗಿನ ಶೋಧಕ ಸಂಕೇತವನ್ನು ನುಂಗಬಹುದು. ಮೂರು ಫೇಸ್‌ಗಳುಳ್ಳ ಮನೆಯಲ್ಲಿ ಎರಡು ಕೋಣೆಗಳು ಬೇರೆ ಬೇರೆ ಫೇಸಿನಲ್ಲಿದ್ದರೆ ಸಂಪರ್ಕ ಕ್ಷೀಣಿಸುವುದು ಅಥವಾ ಒದಗದೆಯೇ ಹೋಗುವುದು. ಒಂದು ಇನ್ವರ್ಟರ್ ತಂತಿಯಲ್ಲಿದ್ದು ಮತ್ತೊಂದು ನೇರ ತಂತಿಯಲ್ಲಿದ್ದರೂ ಹಾಗೆಯೇ. ಮೊಬೈಲ್ ಚಾರ್ಜರ್, ಮಿಕ್ಸರ್ ಮೋಟಾರುಗಳು ಸದ್ದೆಬ್ಬಿಸಿ ವೇಗವನ್ನು ಕುಗ್ಗಿಸುತ್ತವೆ. ಪೆಟ್ಟಿಗೆಯ ಮೇಲೆ ಬರೆದ ವೇಗವು ವ್ಯವಹಾರದಲ್ಲಿ ಪೂರ್ತಿ ದೊರೆಯುವುದಿಲ್ಲ. ಸಡಿಲ ಜೋಡಣೆಯ, ಸುಟ್ಟ ವಾಸನೆಯ ಹಳೆಯ ವೈರಿಂಗ್ ಇದ್ದಲ್ಲಿ ಪ್ರಯೋಗಕ್ಕೆ ಮೊದಲು ಲೈಸೆನ್ಸ್ ಹೊಂದಿದ ಎಲೆಕ್ಟ್ರಿಷಿಯನ್ನನಿಂದ ಅದನ್ನು ಸರಿಪಡಿಸಬೇಕು. ಇದು ಪ್ರಾಣದ ವಿಷಯ.

ಗೋಡೆಗುಂಟ ಕೇಬಲ್ ಎಳೆಯಲು ಸಾಧ್ಯವಿದ್ದರೆ ಅದೇ ಉತ್ತಮ ಪಕ್ಷ. ಕಲ್ಲುಗೋಡೆ ಕೊರೆಯಲಾಗದ ಮನೆಗೆ ಅಡಾಪ್ಟರ್ ಮಧ್ಯಮ ಪಕ್ಷ. ಆದುದರಿಂದ ವಿದ್ಯಾರ್ಥಿಗಳಿಗೆ ಇವನ್ನು ಕೊಡಿಸಲು ಮನಸ್ಸುಮಾಡುವ ದಾನಿಗಳು ಒಂದು ಜೋಡಿಯನ್ನು ಕೊಂಡು, ಉಪಾಧ್ಯಾಯರ ಮೂಲಕ ಮನೆಮನೆಯಲ್ಲಿ ಪರೀಕ್ಷಿಸಿ, ಫಲ ಕಂಡಲ್ಲಿ ಮಾತ್ರ ಮುಂದುವರಿಯುವುದು ಯುಕ್ತ. ವೈರಿಂಗ್ ಕೆಟ್ಟ ಮನೆಗೆ ಉಪಕರಣಕ್ಕಿಂತ ಒಳ್ಳೆಯ ತಂತಿಯೇ ಮೊದಲ ದಾನ. ಅದರಿಂದ ದೀಪವೂ ನೆಲೆಯಾಗುವುದು, ಪಾಠವೂ ನೆಲೆಯಾಗುವುದು.