ಗ್ರೀಕರು ಬರವಣಿಗೆ ಮರೆತದ್ದು ಹೇಗೆ?

ಪ್ರಶ್ನೆ: ಪ್ರಾಚೀನ ಗ್ರೀಕರು ಒಮ್ಮೆ ಕಲಿತಿದ್ದ ಬರವಣಿಗೆಯನ್ನು ಮರೆತು, ಶತಮಾನಗಳ ನಂತರ ಮತ್ತೆ ಕಲಿತರೆಂದು ಓದಿದೆ. ಒಂದಿಡೀ ಜನಾಂಗ ಬರೆಯುವುದನ್ನು ಮರೆಯಲು ಸಾಧ್ಯವೇ?

ಉತ್ತರ: ಬರೆಯಬಲ್ಲವರು ಬೆರಳೆಣಿಕೆಯಷ್ಟೇ ಇದ್ದರೆ ಖಂಡಿತ ಸಾಧ್ಯ. ಗ್ರೀಸಿನಲ್ಲಿ ಆದದ್ದೂ ಅದೇ.

ಗ್ರೀಕ್ ನಾಗರಿಕತೆ ಎಂದೊಡನೆ ನಮಗೆ ನೆನಪಾಗುವ ಸಾಕ್ರೆಟಿಸ್, ಪಾರ್ಥೆನಾನ್ ಎಲ್ಲ ಕ್ರಿ.ಪೂ. 5ನೇ ಶತಮಾನದವು. ಅದಕ್ಕೆ ಸಾವಿರ ವರ್ಷದಷ್ಟು ಹಿಂದೆಯೇ ಮೈಸಿನೆ, ಪೈಲೋಸ್, ಥೀಬ್ಸ್‌ಗಳಲ್ಲಿ ಗ್ರೀಕ್ ಮಾತಾಡುವ ಅರಸರು ಏಳಿಗೆಗೆ ಬರತೊಡಗಿದ್ದರು. ಕ್ರೀಟ್ ದ್ವೀಪದ ಮಿನೋವನ್ನರ ಲಿಪಿಯನ್ನು ತಮ್ಮ ಭಾಷೆಗೆ ಒಗ್ಗಿಸಿಕೊಂಡು ಅವರು ಬರೆದರು. ಮಿನೋವನ್ನರ ಆ ಮೂಲ ಲಿಪಿಯನ್ನು ಓದಲು ಇಂದಿಗೂ ಯಾರಿಗೂ ಆಗಿಲ್ಲ. ಗ್ರೀಕರ ಲಿಪಿಯಾದ 'ಲೀನಿಯರ್ ಬಿ'ಯನ್ನು ಮಾತ್ರ 1952ರಲ್ಲಿ ಇಂಗ್ಲೆಂಡಿನ ವಾಸ್ತುಶಿಲ್ಪಿ ಮೈಕೆಲ್ ವೆಂಟ್ರಿಸ್ ಬಿಡಿಸಿದರು.

ಅವರ ಓದು ಸರಿಯೆಂದು ಸಾರಿದ್ದು ಪೈಲೋಸಿನಲ್ಲಿ ಸಿಕ್ಕ ಒಂದು ಮಣ್ಣಿನ ಫಲಕ. ಅದರಲ್ಲಿ ಮೂರು ಕಾಲಿನ ಕಡಾಯಿಯ ಚಿತ್ರವಿದೆ, ಪಕ್ಕದಲ್ಲಿ 'ತಿ-ರಿ-ಪೊ', ಅಂದರೆ ಮುಕ್ಕಾಲಿ, ಎಂಬ ಅಕ್ಷರಗಳಿವೆ. ಮುಂದೆ ನಾಲ್ಕು ಹಿಡಿಕೆಯ ಪಾತ್ರೆ, ಮೂರು ಹಿಡಿಕೆಯದು, ಹಿಡಿಕೆಯಿಲ್ಲದ್ದು. ಪ್ರತಿಯೊಂದರಲ್ಲೂ ಚಿತ್ರಕ್ಕೂ ಬರಹಕ್ಕೂ ತಾಳೆಯಾಗುತ್ತದೆ. ನಮ್ಮ ಕ, ಕಿ, ಕು ಹಾಗೆ ಒಂದೊಂದು ಉಚ್ಚಾರಕ್ಕೆ ಒಂದೊಂದು ಚಿಹ್ನೆ ಇದ್ದ ಲಿಪಿ ಅದು. ಒತ್ತಕ್ಷರ ಇಲ್ಲದ್ದರಿಂದ 'ತ್ರಿ' ಎಂಬುದನ್ನು 'ತಿ-ರಿ' ಎಂದೇ ಬರೆಯಬೇಕಿತ್ತು. ಇಂಥ ಸುಮಾರು 90 ಚಿಹ್ನೆಗಳ ಜೊತೆಗೆ ಕುರಿ, ಎಣ್ಣೆ, ರಥಗಳಿಗೆ ಬೇರೆ ಗುರುತುಗಳೂ ಇದ್ದವು. ಇದನ್ನೆಲ್ಲ ಬಲ್ಲವರು ಅರಮನೆಯ ಕರಣಿಕರು ಮಾತ್ರ.

ಅವರು ಬರೆದದ್ದೂ ಲೆಕ್ಕವನ್ನೇ: ಎಷ್ಟು ಕುರಿ, ಎಷ್ಟು ಉಣ್ಣೆ, ನೂಲುವ ಹೆಂಗಸರಿಗೆ ಎಷ್ಟು ಪಡಿ. ಕಥೆ, ಕಾವ್ಯ, ಕಾನೂನು ಯಾವುದೂ ಅದರಲ್ಲಿಲ್ಲ. ಕ್ರಿ.ಪೂ. 1200ರ ಸುಮಾರಿಗೆ ಅರಮನೆಗಳು ಒಂದೊಂದಾಗಿ ಬೆಂಕಿಗೆ ಬಿದ್ದವು. ದಾಳಿ, ಭೂಕಂಪ, ಬರ, ಒಳಜಗಳ ಎಂದು ವಿದ್ವಾಂಸರು ಹಲವು ಕಾರಣಗಳನ್ನು ಹೇಳುತ್ತಾರೆ. ಹಸಿಮಣ್ಣಿನ ಫಲಕಗಳು ಆ ಬೆಂಕಿಯಲ್ಲೇ ಬೆಂದು ಗಟ್ಟಿಯಾಗಿ ನಮ್ಮವರೆಗೆ ಉಳಿದುಬಂದವು. ಆದರೆ ಅರಮನೆ ಇಲ್ಲದ ಮೇಲೆ ಲೆಕ್ಕವೂ ಬೇಡವಾಯಿತು, ಕರಣಿಕರೂ ಬೇಡವಾದರು. ಒಂದೆರಡು ತಲೆಮಾರಿನಲ್ಲಿ ಲಿಪಿ ಅಳಿಯಿತು. ಭಾಷೆ ಅಳಿಯಲಿಲ್ಲ, ಫಲಕಗಳಲ್ಲಿದ್ದ ಜ್ಯೂಸ್, ಹೀರಾ, ಪೊಸೈಡನ್ ದೇವರುಗಳೂ ಅಳಿಯಲಿಲ್ಲ. ಅವು ಜನರ ಬಾಯಲ್ಲಿದ್ದವು.

ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ ಗ್ರೀಕರು ಫಿನೀಷಿಯನ್ ವ್ಯಾಪಾರಿಗಳಿಂದ 22 ಅಕ್ಷರಗಳ ಲಿಪಿಯನ್ನು ಪಡೆದಿದ್ದರು. ಅದರಲ್ಲಿ ಇದ್ದದ್ದು ವ್ಯಂಜನಗಳು ಮಾತ್ರ. ತಮ್ಮ ಉಚ್ಚಾರಕ್ಕೆ ಬೇಡವಾದ ಕೆಲವು ಅಕ್ಷರಗಳನ್ನು ಗ್ರೀಕರು ಸ್ವರಗಳಿಗೆ ಬಳಸಿಕೊಂಡರು. ಈಗ ಬರೆಯುವುದಕ್ಕೆ ಕರಣಿಕನೇ ಆಗಬೇಕಿರಲಿಲ್ಲ. ಕ್ರಿ.ಪೂ. 740ರ ಸುಮಾರಿನ ಅಥೆನ್ಸಿನ ಒಂದು ಹೂಜಿಯ ಮೇಲೆ, ಚೆನ್ನಾಗಿ ಕುಣಿದವರಿಗೆ ಇದು ಬಹುಮಾನ ಎಂಬರ್ಥದ ಬರಹ ಗೀಚಿದೆ. ಮುಂದಿನ ಶತಮಾನದಲ್ಲಿ ಕ್ರೀಟಿನ ಡ್ರೆರೋಸ್ ಊರಿನವರು, ಒಮ್ಮೆ ಮುಖ್ಯ ಅಧಿಕಾರಿಯಾದವನು ಮತ್ತೆ 10 ವರ್ಷ ಆ ಪದವಿಗೆ ಬರಕೂಡದೆಂದು ಕಲ್ಲಿನಲ್ಲಿ ಕೆತ್ತಿಸಿದರು. ಹಿಂದೆ ಜನರ ಲೆಕ್ಕವನ್ನು ಅರಸ ಬರೆಸುತ್ತಿದ್ದ. ಈಗ ಅಧಿಕಾರಿಯ ಮಿತಿಯನ್ನು ಊರೇ ಬರೆಸಿತು. ಗ್ರೀಕ್ ನಗರರಾಜ್ಯದ ಹುಟ್ಟನ್ನು ನಾನು ಕಾಣುವುದು ಈ ಬದಲಾವಣೆಯಲ್ಲಿ.

ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಥೆನ್ಸನ್ನು ಸುಟ್ಟರು. ಈ ಸಲ ಬರವಣಿಗೆ ಅಳಿಯಲಿಲ್ಲ. ಎಂಟೇ ವರ್ಷಗಳಲ್ಲಿ ಈಸ್ಕಿಲಸ್ ಆ ಯುದ್ಧವನ್ನೇ ನಾಟಕವಾಗಿಸಿದ; ಆ ನಾಟಕ ಇಂದಿಗೂ ನಮ್ಮ ಓದಿಗೆ ಸಿಗುತ್ತದೆ.