ಪಿಯುಸಿ ನಂತರ ಯಾವ ಕಾಲೇಜು? ಸೇರುವ ಮೊದಲು ಕೇಳಬೇಕಾದ ಏಳು ಪ್ರಶ್ನೆಗಳು



ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಂತೆ ಎಲ್ಲರೂ ನಮ್ಮನ್ನು ಕೇಳುವುದು ಒಂದೇ ಮಾತು: "ಮುಂದೆ ಎಲ್ಲಿಗೆ?" ನಮ್ಮಲ್ಲಿ ಹೆಚ್ಚಿನವರ ಉತ್ತರವೂ ಒಂದೇ: "ಗೆಳತಿಯರು ಹೋದಲ್ಲಿಗೆ." ನನ್ನ ಆಪಾ, ಅಂದರೆ ಅಕ್ಕ, ಹಾಗೆಯೇ ಹೋದಳು. ಯಡ್ತರೆಯ ನಮ್ಮ ಮನೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟರೆ ವಾಪಸು ಬರುವಾಗ ಸಂಜೆ ಆರು. ಅವಳಿಗೆ ಬೇಕಾಗಿದ್ದ ವಿಷಯ ಅಲ್ಲಿ ಇಲ್ಲ ಎಂದು ಗೊತ್ತಾದದ್ದು ಶುಲ್ಕ ಕಟ್ಟಿದ ಮೇಲೆ. ಎರಡನೇ ವರ್ಷದಲ್ಲಿ ಓದು ನಿಂತಿತು. ತಪ್ಪು ಕಾಲೇಜಿನದಲ್ಲ. ಮನೆಯವರು ಯಾರೂ ಮೊದಲು ಹೋಗಿ ಕೇಳಿರಲಿಲ್ಲ. ಆದ್ದರಿಂದ ಈ ಸಲ ನಾನು ಪ್ರಶ್ನೆಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ನಿಮಗೂ ಉಪಯೋಗವಾಗಬಹುದು.

1. ನನಗೆ ಬೇಕಾದ ಕೋರ್ಸ್ ಅಲ್ಲಿದೆಯೇ?

ಮೊದಲು ಕೋರ್ಸ್, ಆಮೇಲೆ ಕಾಲೇಜು. ವಾಣಿಜ್ಯ ಓದಿದವರಿಗೆ ಬಿ.ಕಾಂ., ಬಿಬಿಎ, ಬಿಸಿಎ ಮೂರೂ ಬೇರೆ ಬೇರೆ ದಾರಿ. ಸಿಎ ಆಸೆ ಇದ್ದವರು ಪಿಯುಸಿ ನಂತರ ಫೌಂಡೇಶನ್ ಬರೆಯಬಹುದು. ಅದರಲ್ಲಿ ನಾಲ್ಕು ಪತ್ರಿಕೆಗಳು, ಪ್ರತಿಯೊಂದರಲ್ಲೂ ಶೇ. 40, ಒಟ್ಟಿನಲ್ಲಿ ಶೇ. 50 ಅಂಕ ಬೇಕು. ಬಿ.ಕಾಂ.ನಲ್ಲಿ ಶೇ. 55 ಅಂಕ ಪಡೆದವರು ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಮೊದಲ ದಾರಿ ಹಿಡಿಯುವವರು, ಕಾಲೇಜಿನ ವೇಳಾಪಟ್ಟಿಯಲ್ಲಿ ತರಬೇತಿಗೆ ಸಮಯ ಉಳಿಯುತ್ತದೆಯೇ ಎಂದು ನೋಡಬೇಕು.

2. ಪದವಿ ಕೊಡುವ ವಿಶ್ವವಿದ್ಯಾನಿಲಯ ಯಾವುದು?

ನಾವು ಗಡಿಯ ಹತ್ತಿರ ಇರುವವರು. ಬೈಂದೂರು, ಕುಂದಾಪುರದ ಕಾಲೇಜುಗಳು 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬರುತ್ತವೆ. ಶಿರೂರು ದಾಟಿ ಭಟ್ಕಳಕ್ಕೆ ಹೋದರೆ ಉತ್ತರ ಕನ್ನಡ ಜಿಲ್ಲೆ, ಅಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಪಠ್ಯ, ಪರೀಕ್ಷೆಯ ದಿನ ಎಲ್ಲ ಬೇರೆ. ಒಂದು ವರ್ಷ ಓದಿ ಆ ಕಡೆಯಿಂದ ಈ ಕಡೆಗೆ ಬರುವುದು ಸುಲಭವಲ್ಲ. ಹಿರಿಯರು ಹೇಳಿದ್ದನ್ನೂ ಮತ್ತೊಮ್ಮೆ ವಿಚಾರಿಸಿ. 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ ಹೋಗಿ, 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ.

3. ದಾರಿಯಲ್ಲಿ ಎಷ್ಟು ಹೊತ್ತು?

ನಮ್ಮೂರಿನಿಂದ ಭಟ್ಕಳ ಸುಮಾರು 20 ಕಿ.ಮೀ., ಕುಂದಾಪುರ ಸುಮಾರು 35 ಕಿ.ಮೀ. ಬೈಂದೂರಿನಲ್ಲೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ. ಬಸ್ಸಿಗೆ ಕಾಯುವುದೂ ಸೇರಿ ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ ಎಂದುಕೊಳ್ಳಿ. ದಿನಕ್ಕೆ ಎರಡೂವರೆ ಗಂಟೆ. ವರ್ಷಕ್ಕೆ 200 ದಿನ ಎಂದರೆ 500 ಗಂಟೆ! ಇದು ನಮ್ಮ ಲೆಕ್ಕಪುಸ್ತಕದಲ್ಲಿ ಯಾರೂ ಬರೆಯದ ಖರ್ಚು. ಹಾಗೆಂದು ದೂರ ಹೋಗಲೇಬಾರದು ಎಂದಲ್ಲ. ಅಷ್ಟು ಗಂಟೆಗೆ ತಕ್ಕದ್ದು ಅಲ್ಲಿ ಸಿಗುತ್ತದೆಯೇ ಎಂದು ನೋಡಬೇಕು.

4. ಒಟ್ಟು ಖರ್ಚು ಎಷ್ಟು?

ಪ್ರವೇಶ ಶುಲ್ಕ ಮಾತ್ರ ಕೇಳಬೇಡಿ. ಪರೀಕ್ಷಾ ಶುಲ್ಕ, ಪುಸ್ತಕ, ಸಮವಸ್ತ್ರ, ಬಸ್ಸು ಎಲ್ಲ ಸೇರಿಸಿ ಮೂರು ವರ್ಷಕ್ಕೆ ಕೂಡಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಖಾಸಗಿ ಬಸ್ಸಿಗೆ ಹಣ ಕೊಡಲೇಬೇಕು. ಕಾಲೇಜಿನ ಸಮಯಕ್ಕೆ ಯಾವ ಬಸ್ಸು ಬರುತ್ತದೆ ಎಂದು ನೋಡಿ. ವಿದ್ಯಾರ್ಥಿವೇತನಕ್ಕೆ ಆಧಾರ್, ಆದಾಯ ಪ್ರಮಾಣಪತ್ರ ಈಗಲೇ ಸರಿಮಾಡಿಟ್ಟುಕೊಳ್ಳಿ.

5. ಕಾಲೇಜಿನ ಗುಣಮಟ್ಟ ಹೇಗಿದೆ?

ನ್ಯಾಕ್ ಎಂಬುದು 1994ರಲ್ಲಿ ಆರಂಭವಾದ ಸಂಸ್ಥೆ, ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಕಾಲೇಜು ನ್ಯಾಕ್ ಶ್ರೇಣಿ ಹೇಳಿಕೊಂಡರೆ ಯಾವ ವರ್ಷದ್ದು ಎಂದೂ ಕೇಳಿ. ಆದರೆ ಶ್ರೇಣಿ ಎಲ್ಲವನ್ನೂ ಹೇಳುವುದಿಲ್ಲ. ವಾರ್ಷಿಕೋತ್ಸವದ ದಿನ ಹೋಗಬೇಡಿ, ಒಂದು ಸಾಮಾನ್ಯ ದಿನ ಹೋಗಿ. ಗ್ರಂಥಾಲಯದಲ್ಲಿ ಯಾರಾದರೂ ಕುಳಿತು ಓದುತ್ತಿದ್ದಾರೆಯೇ? ನೀವು ಓದಬೇಕಾದ ವಿಷಯಕ್ಕೆ ಅಧ್ಯಾಪಕರು ಇದ್ದಾರೆಯೇ? ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿದರೆ ನಿಜ ಹೇಳುತ್ತಾರೆ.

6. ನಾನು ನಾನಾಗಿಯೇ ಅಲ್ಲಿ ಓದಬಹುದೇ?

ಮನೆಯಲ್ಲಿ ಉರ್ದು ಮಾತಾಡುವ ನಮ್ಮಂಥವರು ಭಾಷಾ ವಿಷಯದಲ್ಲಿ ಉರ್ದು ಅಥವಾ ಅರಬಿ ಇದೆಯೇ ಎಂದು ಕೇಳಬೇಕು. ಎಲ್ಲ ಕಡೆ ಇರುವುದಿಲ್ಲ. ಸಮವಸ್ತ್ರದ ನಿಯಮವನ್ನೂ ಸ್ಪಷ್ಟವಾಗಿ ಕೇಳಿ. 2022ರಲ್ಲಿ ನಮ್ಮ ಜಿಲ್ಲೆಯಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ಸೇರಿದ ಮೇಲೆ ಅಳುವುದಕ್ಕಿಂತ ಸೇರುವ ಮೊದಲು ಕೇಳುವುದು ಒಳ್ಳೆಯದು. ಕೇಳುವುದು ಅವಮಾನವಲ್ಲ, ನಮ್ಮ ಹಕ್ಕು.

ಇಷ್ಟು ಬರೆದು ಆಪಾಗೆ ತೋರಿಸಿದೆ. ಅವಳು ಓದಿ, ಪೆನ್ನು ತೆಗೆದುಕೊಂಡು ಕೊನೆಯಲ್ಲಿ ತಾನೇ ಒಂದು ಸಾಲು ಬರೆದಳು:

7. ಮಧ್ಯದಲ್ಲಿ ಕಷ್ಟವಾದರೆ ಯಾರಿಗೆ ಹೇಳುವುದು?

ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಅವಳು ಕಾಲೇಜು ಬಿಡುವ ಮೊದಲು ಎರಡು ತಿಂಗಳು ಯಾರಿಗೂ ಹೇಳದೆ ಹೋಗಿ ಬರುತ್ತಿದ್ದಳಂತೆ. ಮನೆಯಲ್ಲಿ ನಾನೂ ಕೇಳಿರಲಿಲ್ಲ. ಹಾಗಾಗಿ ಹೋದಲ್ಲೆಲ್ಲ ಕೇಳಿ: ವಿದ್ಯಾರ್ಥಿಗಳ ಮಾತು ಕೇಳುವ ಒಬ್ಬ ಅಧ್ಯಾಪಕರು ಇಲ್ಲಿ ಇದ್ದಾರೆಯೇ?

ಆಪಾ ಈಗ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಅರ್ಜಿ ನೋಡುತ್ತಿದ್ದಾಳೆ. ನನ್ನ ನೋಟ್‌ಬುಕ್‌ನಲ್ಲಿ ಎರಡು ಕಾಲೇಜುಗಳ ಹೆಸರು ಉಳಿದಿವೆ. ಪರೀಕ್ಷೆ ಮುಗಿದ ಮರುವಾರ ಅಬ್ಬಾನ ಜೊತೆ ಎರಡಕ್ಕೂ ಹೋಗಿ ಬರುತ್ತೇನೆ, ಇನ್ಶಾ ಅಲ್ಲಾಹ್. ಆಪಾ ಕೂಡ ಬರುತ್ತೇನೆ ಎಂದಿದ್ದಾಳೆ. ಏಳನೇ ಪ್ರಶ್ನೆಯನ್ನು ಅವಳೇ ಕೇಳುತ್ತಾಳಂತೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ